ಮನೆಯ ಗುಟ್ಟು, ನಾಡಿನ ಲೆಕ್ಕ

2025ನೆಯ ಇಸವಿಯ ಸೆಪ್ಟೆಂಬರ್ ಹೊತ್ತಿಗೆ, ಕರ್ನಾಟಕದ ಇತರ ಊರುಗಳಲ್ಲಿ ಹೇಗೋ ಹಾಗೆಯೇ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಮನೆಬಾಗಿಲುಗಳ ಮೇಲೂ ಒಂದು ಚೀಟಿ ಕಾಣಿಸಿಕೊಂಡಿತು. ವಿದ್ಯುತ್ ಮೀಟರಿನ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಪ್ರತಿಯೊಂದು ಮನೆಗೂ ಗುರುತಿನ ಸಂಖ್ಯೆಯೊಂದನ್ನು ಕೊಟ್ಟು, ಆ ಮನೆ ಭೂಪಟದಲ್ಲಿ ಎಲ್ಲಿದೆಯೆಂಬುದನ್ನೂ ದಾಖಲೆಮಾಡಿಕೊಳ್ಳಲಾಗಿತ್ತು. ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಗಣತಿದಾರರು ಮನೆಮನೆಗೆ ಬಂದು, ಜಾತಿ, ಉಪಜಾತಿ, ವಿದ್ಯಾಭ್ಯಾಸ, ಉದ್ಯೋಗ, ಆದಾಯ, ಆಸ್ತಿ ಇವೇ ಮೊದಲಾದ ವಿಷಯಗಳನ್ನು ಕುರಿತ 60 ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಮೊಬೈಲ್ ಫೋನಿನಲ್ಲಿ ತುಂಬಿಕೊಂಡರು. ಈ ಸಮೀಕ್ಷೆಯನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಸೆಪ್ಟೆಂಬರ್ 25ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಮಧ್ಯಂತರ ಆದೇಶವೊಂದನ್ನು ಹೊರಡಿಸಿ, ಸಮೀಕ್ಷೆಗೆ ತಡೆಯಿಲ್ಲವೆಂದೂ, ಆದರೆ ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದೂ, ಸಂಗ್ರಹಿಸಿದ ವಿವರಗಳನ್ನು ಆಯೋಗವು ಗೋಪ್ಯವಾಗಿಡಬೇಕೆಂದೂ ವಿಧಿಸಿತು.

ಇಚ್ಛೆಗೆ ಬಿಟ್ಟದ್ದೆಂದ ಮೇಲೆ ಆಯ್ಕೆಯ ಹೊರೆ ನಮ್ಮ ಮೇಲೆ ಬಿದ್ದಂತಾಯಿತು. ಉತ್ತರ ಕೊಡಬೇಕೆ, ಬೇಡವೆ? ನಮ್ಮ ವಿವರಗಳನ್ನು ನಾವು ಕಾಯ್ದುಕೊಳ್ಳುವುದಕ್ಕಾಗಿ ಶ್ರಮಪಡುವುದು ಸಾರ್ಥಕವೆ?

ಈ ಎರಡು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಕಾಡುಗೊಲ್ಲರ ಹಟ್ಟಿಗಳೂ ಮ್ಯಾಸಬೇಡರ ಹಟ್ಟಿಗಳೂ ಹರಡಿಕೊಂಡಿರುವ ಸೀಮೆ ಇದು. ಮಳೆ ಕಡಿಮೆ, ನೆಚ್ಚಿದ ಬೆಳೆ ಕಡಲೆಕಾಯಿ, ನೆಚ್ಚಿದ ಕಸುಬು ಕುರಿಸಾಕಣೆ ಅಥವಾ ಮಗ್ಗ. ವಿದ್ಯಾರ್ಥಿನಿಲಯದಲ್ಲಿ ಸ್ಥಳ, ಕಾಲೇಜಿನಲ್ಲಿ ಸೀಟು, ಸರ್ಕಾರದ ಉದ್ಯೋಗ ಇವೆಲ್ಲವೂ ತಮ್ಮ ಸಮುದಾಯದಲ್ಲಿ ಎಷ್ಟು ಮಂದಿ ಇದ್ದಾರೆ, ಅವರ ಸ್ಥಿತಿ ಏನು ಎಂಬ ಲೆಕ್ಕವನ್ನು ಅವಲಂಬಿಸಿವೆ. ಲೆಕ್ಕಕ್ಕೆ ಸಿಗದ ಹಟ್ಟಿಯು ಸವಲತ್ತಿಗೂ ಸಿಗದು. ಆದುದರಿಂದ “ಬಾಗಿಲು ಹಾಕಿಕೊಳ್ಳಿ” ಎಂದು ಎಲ್ಲರಿಗೂ ಉಪದೇಶಿಸುವುದು ಉಳ್ಳವರಿಗೆ ಸುಲಭ. ಇಲ್ಲದವರಿಗೆ ಅದು ದುಬಾರಿಯಾದ ಉಪದೇಶ.

‘ಖಾಸಗಿ’ ಎಂಬ ಶಬ್ದದ ಚರಿತ್ರೆಯೂ ಇದನ್ನೇ ಸೂಚಿಸುವಂತಿದೆ. ‘ಖಾಸ್’ ಎಂಬ ಮೂಲದಿಂದ ಬಂದ ಈ ಶಬ್ದವು ಮೊದಲು ದೊರೆಯ ಸ್ವಂತಕ್ಕೆ ಸೇರಿದ ಭೂಮಿ, ಬೊಕ್ಕಸ ಮುಂತಾದವುಗಳನ್ನು ಹೇಳುತ್ತಿತ್ತು. ಇಂದು ಅದೇ ಶಬ್ದವನ್ನು ಕೂಲಿಕಾರನ ವಿಷಯದಲ್ಲಿಯೂ ಬಳಸುತ್ತಿದ್ದೇವೆ. ಈ ಬದಲಾವಣೆಗೆ ನ್ಯಾಯಾಲಯದ ಮುದ್ರೆ ಬಿದ್ದುದು 2017ರ ಆಗಸ್ಟ್ 24ರಂದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದ್ದರು. ಅದರಿಂದ ಹುಟ್ಟಿದ ವಾದದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನದ 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿಯೇ ಅಡಕವಾಗಿರುವ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಕ್ಕು ಮಿತಿಯಿಲ್ಲದ್ದೆಂದು ಮಾತ್ರ ಪೀಠವು ಹೇಳಲಿಲ್ಲ. ಸರ್ಕಾರವು ಅದರೊಳಗೆ ಕೈಯಿಡಬೇಕಾದರೆ ಅದಕ್ಕೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಯಿಡಬೇಕು. ಮುಂದಿನ ವರ್ಷ, 2018ರ ಸೆಪ್ಟೆಂಬರ್ 26ರಂದು, ಐವರ ಪೀಠವು ಬಹುಮತದಿಂದ ಆಧಾರ್ ಯೋಜನೆಯನ್ನು ಎತ್ತಿಹಿಡಿದು, ಖಾಸಗಿ ಕಂಪನಿಗಳು ಆ ಸಂಖ್ಯೆಯನ್ನು ಬಳಸಲು ಅವಕಾಶವಿತ್ತಿದ್ದ ಭಾಗವನ್ನು ತೆಗೆದುಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಕಾನೂನಿನ ಮಾತು ಅಷ್ಟಿರಲಿ. ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆ ಬೇರೆಯೇ ಇದೆ. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಇಂದು ಯಾವ ಸಾರು ಎಂಬುದೂ ನೆರೆಮನೆಗೆ ತಿಳಿದಿರುವಾಗ, ಯಾರ ಸಾಲ ಎಷ್ಟೆಂಬುದು ಅರಳಿಕಟ್ಟೆಯ ಮೇಲೆ ಚರ್ಚೆಯಾಗುವಾಗ, ಮುಚ್ಚಿಡುವುದಕ್ಕೆ ಏನಿದೆ? ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಆದರೆ ಕಟ್ಟೆಯ ತಿಳಿವಳಿಕೆಗೂ ಕಡತದ ತಿಳಿವಳಿಕೆಗೂ ಭೇದವಿದೆ. ನಿಮ್ಮ ಸಾಲವನ್ನು ಬಲ್ಲ ನೆರೆಯವನ ಸಾಲವನ್ನು ನೀವೂ ಬಲ್ಲಿರಿ. ಅವನು ಬಾಯಿಬಿಟ್ಟರೆ ನೀವೂ ಬಿಡಬಲ್ಲಿರೆಂಬ ಅಂಜಿಕೆ ಅವನಿಗುಂಟು. ಅವನು ಬಲ್ಲುದು ಊರಿನ ಎಲ್ಲೆಯನ್ನು ದಾಟಿ ಬಹುದೂರ ಹೋಗದು. ಹತ್ತು ವರ್ಷಕ್ಕೆ ಅರ್ಧ ಮರೆತೂ ಹೋಗುವುದು. ಕಡತಕ್ಕೆ ಅಂಜಿಕೆಯಿಲ್ಲ, ಎಲ್ಲೆಯಿಲ್ಲ, ಮರೆವಿಲ್ಲ.

ಇನ್ನೊಂದು ಭೇದವನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಹಿಂದಿನ ಕಾಲದಲ್ಲಿ ನಮ್ಮ ಗುಟ್ಟನ್ನು ಬಹುಮಟ್ಟಿಗೆ ಕಾಯುತ್ತಿದ್ದುದು ನಮ್ಮ ಎಚ್ಚರವಲ್ಲ, ಕದ್ದು ನೋಡುವವನ ಸೋಮಾರಿತನ. 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಗಿ ಬಂದುದು ದೂರವಾಣಿ ಕದ್ದಾಲಿಕೆಯ ಪ್ರಕರಣದಿಂದ. ಆ ದಿನಗಳಲ್ಲಿ ಒಂದು ಫೋನನ್ನು ಕದ್ದು ಕೇಳಬೇಕಾದರೆ ಕಿವಿಗೊಟ್ಟು ಕುಳಿತಿರುವ ಒಬ್ಬ ಮನುಷ್ಯ ಬೇಕಾಗಿತ್ತು. ಆದುದರಿಂದ ಕೆಲವರ ಮಾತನ್ನು ಮಾತ್ರ ಕೇಳಲು ಸಾಧ್ಯವಿತ್ತು. ಪಹಣಿಯ ಕಥೆಯೂ ಇಂಥದೇ. ಹೊಲ ಯಾರದು, ಬೆಳೆ ಯಾವುದು, ಯಾವ ಬ್ಯಾಂಕಿಗೆ ಒತ್ತೆಯಾಗಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಕಾಗದದ ಕಾಲದಲ್ಲಿ ಅದನ್ನು ನೋಡಬೇಕಾದರೆ ಗ್ರಾಮಲೆಕ್ಕಿಗರ ಬೆನ್ನು ಹತ್ತಬೇಕಾಗಿತ್ತು. 2000ದ ಸುಮಾರಿಗೆ ಕರ್ನಾಟಕವು ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಲೆಕ್ಕಿಗನ ಕಿಸೆ ತುಂಬಿಸಿ ತಿದ್ದಿಸುವ ದುರಭ್ಯಾಸಕ್ಕೆ ಅದರಿಂದ ಪೆಟ್ಟುಬಿದ್ದುದು ದೊಡ್ಡ ಉಪಕಾರವೇ ಸರಿ. ಆದರೆ ಈಗ ಸರ್ವೆ ನಂಬರನ್ನು ಬಲ್ಲ ಯಾವನೇ ಆಗಲಿ, ಎಲ್ಲಿಯೇ ಕುಳಿತು, ತಳಕಿನ ರೈತನೊಬ್ಬನ ಹೊಲದ ಮೇಲಣ ಸಾಲವನ್ನು ನೋಡಬಲ್ಲ. ದಾಖಲೆ ಮೊದಲೂ ಬಹಿರಂಗವೇ ಆಗಿತ್ತು. ಅದನ್ನು ನೋಡಲು ಬೇಕಾಗಿದ್ದ ಶ್ರಮ ಮಾತ್ರ ಇಲ್ಲವಾಯಿತು. ಆ ಶ್ರಮವೇ ನಮಗೊಂದು ಬೇಲಿಯಾಗಿತ್ತೆಂಬುದು ಬೇಲಿ ಬಿದ್ದ ಮೇಲೆ ತಿಳಿಯಿತು.

ನೋಡುವ ಕಣ್ಣೆಂದೊಡನೆ ಚಳ್ಳಕೆರೆಯವರಿಗೆ ಆಕಾಶ ನೆನಪಾಗುವುದು ಸಹಜ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರವಿದೆ. ರುಸ್ತುಂ-2 ಎಂಬ, ಚಾಲಕನಿಲ್ಲದ ಬೇಹುವಿಮಾನವು 2016ರ ನವೆಂಬರ್ 16ರಂದು ಮೊದಲು ಹಾರಿದುದು ಇಲ್ಲಿಂದಲೇ. 2019ರ ಸೆಪ್ಟೆಂಬರಿನಲ್ಲಿ ಅಂಥದೊಂದು ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ಜಮೀನಿನಲ್ಲಿ ಬಿದ್ದಾಗ, ಬೇಹುಗಣ್ಣನ್ನೇ ಊರವರು ಸುತ್ತುಗಟ್ಟಿ ನೋಡುವಂತಾಯಿತು. ಮೇಲಿನಿಂದ ಅಂಥ ಕಣ್ಣು ಎಷ್ಟನ್ನು ಕಾಣಬಲ್ಲುದು? ಭೌತಶಾಸ್ತ್ರವೇ ಇದಕ್ಕೊಂದು ಮಿತಿಯನ್ನು ಹಾಕಿದೆ. ಬೆಳಕಿನ ಅಲೆಯ ಉದ್ದವನ್ನು 1.22ರಿಂದ ಗುಣಿಸಿ, ಮಸೂರದ ವ್ಯಾಸದಿಂದ ಭಾಗಿಸಿ, ಬಂದುದನ್ನು ದೂರದಿಂದ ಗುಣಿಸಿದರೆ, ಬೇರೆಬೇರೆಯಾಗಿ ಕಾಣಬಲ್ಲ ಎರಡು ಬಿಂದುಗಳ ನಡುವಣ ಕನಿಷ್ಠ ಅಂತರ ದೊರೆಯುವುದು. ಮಸೂರದ ವ್ಯಾಸ 10 ಸೆಂಟಿಮೀಟರು, ಎತ್ತರ 8 ಕಿಲೋಮೀಟರು, ಹಸುರು ಬೆಳಕಿನ ಅಲೆಯುದ್ದ 0.00055 ಮಿಲಿಮೀಟರು ಎಂದಿಟ್ಟುಕೊಂಡರೆ ಉತ್ತರ 5 ಸೆಂಟಿಮೀಟರಿಗಿಂತ ತುಸು ಹೆಚ್ಚು. ಮನುಷ್ಯನ ಎರಡು ಕಣ್ಣುಗಳ ನಡುವೆ ಇರುವುದು ಸುಮಾರು 6 ಸೆಂಟಿಮೀಟರು. ಎಂದರೆ, ಅಷ್ಟು ಎತ್ತರದಿಂದ ಆ ಮಸೂರಕ್ಕೆ ಹೊಲದಲ್ಲಿ ಎಷ್ಟು ಮಂದಿ ಇದ್ದಾರೆಂಬುದು ತಿಳಿದೀತು. ಅವರು ಯಾರೆಂಬುದು ತಿಳಿಯದು. ಕೆಳಗೆ ಇಳಿದು ಹಾರಿದರೆ ಅಥವಾ ಮಸೂರ ದೊಡ್ಡದಾದರೆ ಮಾತು ಬೇರೆ.

ಆಕಾಶದ ಕಣ್ಣಿಗೆ ಮುಖವೇ ಕಾಣದಷ್ಟು ಕಷ್ಟವಿರುವಾಗ, ಕಡತದ ಕಣ್ಣಿಗೆ ಹೆಸರಿಲ್ಲದ ಮನುಷ್ಯನನ್ನು ಗುರುತಿಸುವುದು ಎಷ್ಟು ಸುಲಭವೆಂಬುದನ್ನು ಈಗ ನೋಡೋಣ. “ಹೆಸರನ್ನು ತೆಗೆದುಬಿಟ್ಟಿದ್ದೇವೆ, ಇನ್ನೇನು ಭಯ?” ಎಂದು ವಿವರ ಸಂಗ್ರಹಿಸುವವರು ಹೇಳುವುದುಂಟು. ಒಂದು ಆಟವನ್ನು ನೆನೆಯಿರಿ. ನೀವು ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೀರಿ. ನಾನು ‘ಹೌದು’, ‘ಇಲ್ಲ’ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಮಾತ್ರ ಕೇಳಬೇಕು. ಪ್ರತಿಯೊಂದು ಪ್ರಶ್ನೆಯೂ ಉಳಿದವರನ್ನು ಅರ್ಧಕ್ಕೆ ಇಳಿಸುವಂತಿದ್ದರೆ ಎಷ್ಟು ಪ್ರಶ್ನೆ ಬೇಕು? 2ನ್ನು 14 ಸಲ ಗುಣಿಸಿದರೆ 16,384. 2011ರ ಜನಗಣತಿಯಲ್ಲಿ ಮೊಳಕಾಲ್ಮೂರು ಪಟ್ಟಣದ ಜನಸಂಖ್ಯೆ 16 ಸಾವಿರಕ್ಕೆ ತುಸು ಕಡಿಮೆ. ಆದುದರಿಂದ ಮೊಳಕಾಲ್ಮೂರಿನಲ್ಲಿ ಒಬ್ಬರನ್ನು ಹಿಡಿಯಲು 14 ಪ್ರಶ್ನೆ ಸಾಕು. ಸುಮಾರು 55 ಸಾವಿರ ಜನರಿದ್ದ ಚಳ್ಳಕೆರೆ ಪಟ್ಟಣಕ್ಕೆ 16. ಇಡೀ ಭಾರತದ 140 ಕೋಟಿಗೂ ಮೇಲ್ಪಟ್ಟ ಜನರಲ್ಲಿ ಒಬ್ಬರನ್ನು ಆರಿಸಲು 31! ಅರ್ಧರ್ಧ ಮಾಡುವಂತೆ ಪ್ರಶ್ನೆಗಳನ್ನು ಹೊಂದಿಸುವುದು ವಾಸ್ತವವಾಗಿ ಕಷ್ಟವೆಂಬುದು ನಿಜ. ಆದರೆ ನಿಜವಾದ ಪ್ರಶ್ನೆಗಳಲ್ಲಿ ಕೆಲವು ಹತ್ತು ಪ್ರಶ್ನೆಗಳ ಕೆಲಸವನ್ನು ಒಂದೇ ಏಟಿಗೆ ಮಾಡುತ್ತವೆ.

ಹುಟ್ಟಿದ ದಿನಾಂಕ ಅಂಥದೊಂದು ಪ್ರಶ್ನೆ. 70 ವರ್ಷಗಳಲ್ಲಿ 25,550 ದಿನಗಳಿವೆ. ಹೆಣ್ಣು, ಗಂಡು ಎಂದು ಬೇರೆ ಮಾಡಿದರೆ 51,100 ಗೂಡುಗಳಾದುವು. ಮೊಳಕಾಲ್ಮೂರು ಪಟ್ಟಣದ 16 ಸಾವಿರ ಜನರನ್ನು ಈ ಗೂಡುಗಳಲ್ಲಿ ಮನಬಂದಂತೆ ಎರಚಿದರೆ, ಸಂಭಾವ್ಯತೆಯ ಗಣಿತದ ಪ್ರಕಾರ ಹತ್ತರಲ್ಲಿ ಏಳು ಮಂದಿ ತಮ್ಮ ಗೂಡಿನಲ್ಲಿ ಒಂಟಿಯಾಗಿರುತ್ತಾರೆ. ಎಂದರೆ ಊರು, ಲಿಂಗ, ಹುಟ್ಟಿದ ದಿನಾಂಕ ಈ ಮೂರೇ ಅವರನ್ನು ಹಿಡಿದುಕೊಡುತ್ತವೆ. ಅಮೆರಿಕದ ವಿಜ್ಞಾನಿ ಲಟಾನ್ಯ ಸ್ವೀನಿಯವರು 1990ರ ದಶಕದಲ್ಲಿ ಇದನ್ನು ಕಾರ್ಯತಃ ತೋರಿಸಿದರು. ಮ್ಯಾಸಚೂಸೆಟ್ಸ್ ರಾಜ್ಯವು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದ ಆಸ್ಪತ್ರೆಯ ದಾಖಲೆಗಳನ್ನು ಮತದಾರರ ಪಟ್ಟಿಯೊಡನೆ ಹೋಲಿಸಿ, ಆ ರಾಜ್ಯದ ಗವರ್ನರರ ಕಾಯಿಲೆಯ ವಿವರವನ್ನೇ ಅವರು ಹೊರತೆಗೆದರು. 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, 15 ಲಕ್ಷ ಮೊಬೈಲ್ ಬಳಕೆದಾರರ ಚಲನವಲನಗಳನ್ನು ಪರೀಕ್ಷಿಸಿದಾಗ, ಒಬ್ಬನು ಯಾವ ಹೊತ್ತಿನಲ್ಲಿ ಎಲ್ಲಿದ್ದನೆಂಬ ನಾಲ್ಕೇ ನಾಲ್ಕು ಸಂಗತಿಗಳು ನೂರಕ್ಕೆ 95 ಮಂದಿಯನ್ನು ಬೇರೆಯಾಗಿ ಗುರುತಿಸಲು ಸಾಕಾದುವು.

ಇಲ್ಲಿ ನಮ್ಮ ಹಳೆಯ ಶಾಲಾಮಾಸ್ತರರನ್ನು ನೆನೆಯದೆ ಇರಲಾಗದು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿತಂದೆಗಳಿಗೆ ಹುಟ್ಟಿದ ದಿನ ನೆನಪಿಲ್ಲದಾಗ, ಅವರು ಅಂದಾಜಿನ ವರ್ಷವೊಂದನ್ನು ಹಿಡಿದು ‘ಜೂನ್ 1’ ಎಂದು ಬರೆದುಬಿಡುತ್ತಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿಯೋ! ದಾಖಲೆಯಲ್ಲಿ ಒಬ್ಬ ವ್ಯಕ್ತಿಯು ತನ್ನಂಥವೇ ವಿವರಗಳುಳ್ಳ ಹಲವರ ನಡುವೆ ಬೆರೆತಿರುವಂತೆ ಮಾಡಬೇಕೆಂಬುದು ಸ್ವೀನಿಯವರು ಮುಂದೆ ಮಂಡಿಸಿದ ಪರಿಹಾರ. ನಮ್ಮ ಮಾಸ್ತರರು ಅದನ್ನು ತಿಳಿಯದೆಯೇ ಆಚರಣೆಗೆ ತಂದಿದ್ದರು.

ಒಬ್ಬೊಬ್ಬರೂ ತಮ್ಮನ್ನು ತಾವೇ ಕಾಯ್ದುಕೊಳ್ಳಲು ಮಾಡುವ ಪ್ರಯತ್ನದ ಫಲವೇನು? ನನ್ನ ಅಭಿಪ್ರಾಯದಲ್ಲಿ ಅದು ಬಹಳ ಸ್ವಲ್ಪ. ನೀವು ನಿಮ್ಮ ಫೋನ್ ಸಂಖ್ಯೆಯನ್ನು ಯಾರಿಗೂ ಕೊಡದಿದ್ದರೂ, ನಿಮ್ಮ ಗೆಳೆಯ ತನ್ನ ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೇ ಯಾವುದೋ ಕಂಪನಿಗೆ ಒಪ್ಪಿಸಿರುತ್ತಾನೆ. ನೀವು ಜಾತಿಯನ್ನು ಹೇಳದಿದ್ದರೂ ಅಣ್ಣ ಹೇಳಿರುತ್ತಾನೆ. 2018ರಲ್ಲಿ ಕ್ಯಾಲಿಫೋರ್ನಿಯದ ಪೊಲೀಸರು ದಶಕಗಳ ಹಿಂದಿನ ಕೊಲೆಗಾರನೊಬ್ಬನನ್ನು ಪತ್ತೆಮಾಡಿದುದು ಅವನ ದೂರದ ಬಂಧುಗಳು ವಂಶಾವಳಿ ಹುಡುಕಲೆಂದು ಕೊಟ್ಟಿದ್ದ ಅನುವಂಶಿಕ ವಿವರಗಳಿಂದ. ಅಲ್ಲಿ ಆದುದು ಒಳ್ಳೆಯದೇ. ಆದರೆ ಒಬ್ಬನ ಗುಟ್ಟು ಅವನ ಕೈಯಲ್ಲಿ ಮಾತ್ರ ಇರುವುದಿಲ್ಲವೆಂಬುದಕ್ಕೆ ಅದೊಂದು ನಿದರ್ಶನ. ಹೀಗಿರುವಾಗ ಕಾಯುವ ಶ್ರಮವನ್ನು ಉತ್ತರ ಕೊಡುವವನ ತಲೆಗೆ ಕಟ್ಟುವುದು ಅನ್ಯಾಯವೂ ಹೌದು, ನಿಷ್ಫಲವೂ ಹೌದು. ಆ ಶ್ರಮ ಪ್ರಶ್ನೆ ಕೇಳುವವನದಾಗಬೇಕು.

ಅವನಿಗೆ ಅದು ಸಾಧ್ಯವೆ? ಸಾಧ್ಯವೆಂಬುದನ್ನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿಯೇ ತೋರಿಸಿಕೊಟ್ಟರು. ಅವರ ಉಪಾಯದ ಒಂದು ಸರಳ ರೂಪವನ್ನು ಮೊಳಕಾಲ್ಮೂರಿಗೆ ಅನ್ವಯಿಸಿ ಹೇಳುತ್ತೇನೆ. ರೇಷ್ಮೆ ಸೀರೆ ನೇಯುವ 1,000 ಮಂದಿ ನೇಕಾರರಲ್ಲಿ ಎಷ್ಟು ಮಂದಿ ತಮಗೆ ನೂಲು ಕೊಡುವ ಸಾಹುಕಾರನಿಗೆ ಸಾಲಗಾರರಾಗಿದ್ದಾರೆಂಬುದನ್ನು ತಿಳಿಯಬೇಕೆಂದು ಇಟ್ಟುಕೊಳ್ಳಿ. ನೇರವಾಗಿ ಕೇಳಿದರೆ ಅಂಜಿಕೆಯಿಂದ ಸುಳ್ಳು ಹೇಳಿಯಾರು. ಆದುದರಿಂದ ಪ್ರತಿಯೊಬ್ಬ ನೇಕಾರನೂ ಮರೆಯಲ್ಲಿ ಒಂದು ನಾಣ್ಯವನ್ನು ಚಿಮ್ಮಲಿ. ಸಿಂಹದ ಮುಖ ಬಿದ್ದರೆ ನಿಜವನ್ನೇ ಹೇಳಲಿ. ಅಂಕಿಯ ಮುಖ ಬಿದ್ದರೆ ಮತ್ತೊಮ್ಮೆ ಚಿಮ್ಮಿ, ಸಿಂಹಕ್ಕೆ ‘ಹೌದು’ ಎಂದೂ ಅಂಕಿಗೆ ‘ಇಲ್ಲ’ ಎಂದೂ ಹೇಳಲಿ. ಅವನ ಸಾಲಕ್ಕೂ ಆ ಉತ್ತರಕ್ಕೂ ಸಂಬಂಧವಿರದು. ಈಗ ಯಾವನಾದರೂ ‘ಹೌದು’ ಎಂದರೆ, ಅದು ಸಾಲದ ಮಾತೋ ನಾಣ್ಯದ ಮಾತೋ ಸಾಹುಕಾರನಿಗಾಗಲಿ ಗಣತಿದಾರನಿಗಾಗಲಿ ನಿಶ್ಚಯವಾಗಿ ತಿಳಿಯದು. ಆದರೆ ಒಟ್ಟು ಲೆಕ್ಕ ತಪ್ಪಿಸಿಕೊಳ್ಳದು. ಸುಮಾರು 250 ಮಂದಿ ನಾಣ್ಯದ ಬಲದಿಂದಲೇ ‘ಹೌದು’ ಎಂದಿರುತ್ತಾರೆ. ಒಟ್ಟು 430 ‘ಹೌದು’ಗಳು ಬಂದಿದ್ದರೆ, ಉಳಿದ 180 ನಿಜ ಹೇಳಿದ ಸುಮಾರು 500 ಮಂದಿಯಿಂದ ಬಂದುವು. ಅಂದರೆ ಸಾಲಗಾರರು ನೂರಕ್ಕೆ 36.

ಈ ರಕ್ಷಣೆಗೆ ತೆರಬೇಕಾದ ಬೆಲೆಯನ್ನೂ ಲೆಕ್ಕಹಾಕಬಹುದು. ನೇರವಾಗಿ ಕೇಳಿ ಎಲ್ಲರೂ ನಿಜ ಹೇಳಿದ್ದರೆ ಉತ್ತರದ ಪ್ರಮಾಣದೋಷ ನೂರಕ್ಕೆ 1.5ರಷ್ಟು ಇರುತ್ತಿತ್ತು, ನಾಣ್ಯದ ಉಪಾಯದಲ್ಲಿ ಅದು ಸುಮಾರು 3.1 ಆಗುವುದು. ಮೊದಲಿನಷ್ಟೇ ನಿಖರತೆ ಬೇಕಾದರೆ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಜನರನ್ನು ಕೇಳಬೇಕು. ಗುಟ್ಟಿನ ಬೆಲೆಯೆಂದರೆ ಇಷ್ಟೆ: 1,000 ಬಾಗಿಲುಗಳ ಬದಲು 4,000ಕ್ಕೂ ಹೆಚ್ಚು ಬಾಗಿಲುಗಳನ್ನು ತಟ್ಟುವುದು. ಹೇಗಿದ್ದರೂ ನಾಡಿನ ಎಲ್ಲ ಬಾಗಿಲುಗಳನ್ನೂ ತಟ್ಟುವ ಸರ್ಕಾರಕ್ಕೆ ಇದೊಂದು ಭಾರವಲ್ಲ.

ಆದರೆ ಚಿಕ್ಕ ಗುಂಪುಗಳಿಗೆ ಈ ಉಪಾಯ ಒಗ್ಗದು. ನಲವತ್ತು ಮನೆಗಳ ಹಟ್ಟಿಯೊಂದರಲ್ಲಿ ನಾಣ್ಯದ ಗದ್ದಲವು ನಿಜವನ್ನು ನುಂಗಿಬಿಡುವುದು. ಇದೇ ತತ್ತ್ವದ ಬೆಳೆದ ರೂಪವೊಂದನ್ನು ಅಮೆರಿಕದ 2020ರ ಜನಗಣತಿಯಲ್ಲಿ ಬಳಸಿದಾಗ, ತಮ್ಮ ಸಂಖ್ಯೆ ಏರುಪೇರಾದೀತೆಂದು ಸಣ್ಣ ಸಮುದಾಯಗಳಿಂದ ಆಕ್ಷೇಪಣೆ ಬಂದಿತು. ಕಾಡುಗೊಲ್ಲರು ಎಷ್ಟು ಮಂದಿ ಎಂಬ ಪ್ರಶ್ನೆಗೆ ನಾಣ್ಯ ಚಿಮ್ಮಿ ಉತ್ತರ ಹೇಳಲಾಗದು. ಅಲ್ಲಿ ಒಂದೊಂದು ತಲೆಯೂ ಎಣಿಕೆಗೆ ಬರಬೇಕು. ಹಾಗಾದರೆ ಎಣಿಸಬೇಕಾದುದನ್ನು ಎಣಿಸಿ, ಸಾಲ, ಕಾಯಿಲೆಗಳಂಥ ಅಂಜಿಕೆಯ ವಿಷಯಗಳನ್ನು ಬೇರೆ ವಿಧಾನದಿಂದ ತಿಳಿದುಕೊಳ್ಳಬಹುದು. ಅರವತ್ತು ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಪೋಣಿಸಿ, ಆ ಹಗ್ಗದ ತುದಿಯನ್ನು ಮನೆಯ ಮೀಟರಿಗೆ ಕಟ್ಟುವುದು ಮಾತ್ರ ನನಗೆ ಸರಿಕಾಣದು.

ಕಟ್ಟಿದವರು ಒಳ್ಳೆಯವರಲ್ಲವೆ ಎಂದು ಕೇಳಬಹುದು. ಒಳ್ಳೆಯವರೇ ಇರಬಹುದು. ಎರಡನೆಯ ಮಹಾಯುದ್ಧಕ್ಕೆ ಮೊದಲು ನೆದರ್ಲೆಂಡಿನ ಅಧಿಕಾರಿಗಳು ಪ್ರಜೆಗಳ ಮತವನ್ನೂ ಒಳಗೊಂಡ ಅಚ್ಚುಕಟ್ಟಾದ ದಾಖಲೆಯನ್ನು ಸದುದ್ದೇಶದಿಂದಲೇ ಇಟ್ಟಿದ್ದರು. 1940ರಲ್ಲಿ ಜರ್ಮನರು ದೇಶವನ್ನು ವಶಪಡಿಸಿಕೊಂಡಾಗ ಆ ದಾಖಲೆಯೂ ಅವರ ಕೈಸೇರಿತು. ಅಲ್ಲಿಯ ಯೆಹೂದ್ಯರಲ್ಲಿ ಮುಕ್ಕಾಲು ಪಾಲು ಮಂದಿ ಹತರಾದರು. 1943ರ ಮಾರ್ಚ್ 27ರಂದು ಕೆಲವು ದೇಶಭಕ್ತರು ಆಮ್‌ಸ್ಟರ್‌ಡಾಮಿನ ದಾಖಲೆಯ ಕಚೇರಿಗೆ ಬೆಂಕಿಯಿಟ್ಟರು. ಕಾಗದದ ಕಟ್ಟುಗಳು ಬಿಗಿಯಾಗಿದ್ದುದರಿಂದ ಸುಟ್ಟುದು ಒಂದು ಅಂಶ ಮಾತ್ರ. ಬೆಂಕಿಯಿಟ್ಟವರಲ್ಲಿ ಹನ್ನೆರಡು ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ಓದುಗರು ಬಲ್ಲರು. 1892ರಲ್ಲಿ ಬಿ. ಎಲ್. ರೈಸರು ಅವುಗಳನ್ನು ಬೆಳಕಿಗೆ ತಂದರು. ಆ ಶಾಸನಗಳ ಕೊನೆಯಲ್ಲಿ ಅವನ್ನು ಬರೆದ ಲಿಪಿಕಾರ ‘ಚಪಡ’ನ ಹೆಸರಿದೆ, ‘ಲಿಪಿಕಾರ’ನೆಂಬ ಮಾತನ್ನು ಮಾತ್ರ ಅವನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅಲ್ಲಿ ದೊರೆಯ ಆಜ್ಞೆ ಬಟ್ಟಬಯಲಿನಲ್ಲಿದೆ, ಅದನ್ನು ಬರೆದ ನೌಕರನ ಹೆಸರೂ ಬಯಲಿನಲ್ಲಿದೆ. ಅಧಿಕಾರದ ಮಾತು ಬಯಲಿನಲ್ಲಿಯೂ ಪ್ರಜೆಯ ಮಾತು ಮರೆಯಲ್ಲಿಯೂ ಇರಬೇಕೆಂಬ ಏರ್ಪಾಡು ನಮ್ಮಲ್ಲಿ ಈಗಲೂ ಇಲ್ಲದಿಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ಪ್ರಕರಣದ ಪ್ರಕಾರ, ಗಣತಿಯ ಅಧಿಕಾರಿ ಬರೆದುಕೊಂಡ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲ; ಅದೇ ಕಾಯಿದೆಯ ಮೇರೆಗೆ ಹೂಡುವ ಮೊಕದ್ದಮೆಯ ಹೊರತು ಬೇರೆ ಯಾವುದರಲ್ಲಿಯೂ ಅದು ಸಾಕ್ಷ್ಯವಾಗಲಾರದು.

ಆ ಪ್ರಕರಣವು ರಾಷ್ಟ್ರದ ಜನಗಣತಿಗೆ ಅನ್ವಯಿಸುವುದೇ ಹೊರತು ರಾಜ್ಯದ ಆಯೋಗ ನಡೆಸಿದ ಸಮೀಕ್ಷೆಗಲ್ಲ. ಆದುದರಿಂದಲೇ 2025ರಲ್ಲಿ ಗೋಪ್ಯತೆಯ ಮಾತನ್ನು ನ್ಯಾಯಾಲಯದ ಆದೇಶದ ಮೂಲಕ ಹೇಳಿಸಬೇಕಾಯಿತು. ಮುಂದಿನ ಜನಗಣತಿಯ ಅಧಿಸೂಚನೆ 2025ರ ಜೂನ್ 16ರಂದು ಹೊರಟಿದ್ದು, ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಆಧಾರದಿನವೆಂದು ಗೊತ್ತಾಗಿದೆ. ಈ ಸಲ ಜಾತಿಯನ್ನೂ ಕೇಳಲಾಗುವುದು; ಉತ್ತರಗಳು ಕಾಗದಕ್ಕೆ ಬದಲಾಗಿ ನೇರವಾಗಿ ಗಣಕಕ್ಕೆ ಹೋಗುವುವು. ಗಣತಿದಾರರು ಬಾಗಿಲಿಗೆ ಬಂದಾಗ ಯಾವ ಕಾಯಿದೆಯ ಮೇರೆಗೆ ಕೇಳುತ್ತಿದ್ದೀರಿ, ಉತ್ತರ ಯಾರ ವಶದಲ್ಲಿರುವುದು, ಅದನ್ನು ಎಂದು ಅಳಿಸುವಿರಿ ಎಂಬ ಮೂರು ಪ್ರಶ್ನೆಗಳನ್ನು ನಾವೂ ಅವರಿಗೆ ಹಾಕಬಹುದು. ಅದಕ್ಕೆ ಹಿಡಿಯುವುದು ಒಂದು ನಿಮಿಷ.